ದಾವಲಮಲಿಕ ಗೌಂಡಿ ಮತ್ತು ಐದನೆಯ ತಾಯಿಯ ಕಣ್ಣು

ದಾವಲಮಲಿಕ ಗೌಂಡಿಯ ವಿಷಯ ಯಾಕೆ ಬರೆಯಬೇಕು ಅಂತ ಮೊದಲೇ ಹೇಳಿಬಿಡುತ್ತೇನೆ. ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಗೆಲ್ಲುತ್ತಿದ್ದ ದಿನ ಅವನು ಬಾಯಿ ತೆರೆದ. ಅಂಥವರನ್ನು ನಾನು ಬೇರೆ ಯಾರನ್ನೂ ನೋಡಿಲ್ಲ. ಗೋವಾದ ಝುವಾರಿನಗರದಲ್ಲಿ ಇವತ್ತಿಗೂ ಕೆಲವರು ಅವನ ಬೆನ್ನ ಹಿಂದೆ ‘ದೇವಿ ಕಣ್ಣು ಕಿತ್ತ ಗೌಂಡಿ’ ಎನ್ನುತ್ತಾರೆ. ಆ ಮಾತು ಮೊದಲು ಹೊರಟಿದ್ದು ನನ್ನ ಬಾಯಿಂದ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಯುವುದೂ ನನ್ನ ಪಾಲಿಗೇ ಬಂದಿದೆ.

ಅವನು ಗದಗ ಕಡೆಯವನು. 1981ರಲ್ಲಿ ಹೆಂಡತಿ ಲಾಡಬಿಯನ್ನು ಕರೆದುಕೊಂಡು ಒಂದು ಮೆಣಸಿನಕಾಯಿ ಲಾರಿಯಲ್ಲಿ ಮೊಲೆಂ ನಾಕೆ ದಾಟಿ ಗೋವಾಕ್ಕೆ ಬಂದ. ಮೊದಲು ಬಂದರದಲ್ಲಿ ಚೀಲ ಹೊತ್ತ. ಆಮೇಲೆ ಒಬ್ಬ ಮುದುಕ ಕ್ರಿಶ್ಚಿಯನ್ ಗೌಂಡಿಯ ಕೈಕೆಳಗೆ ಕೆಂಪು ಚಿರೇಕಲ್ಲಿನ ಗೋಡೆ ಕಟ್ಟುವುದನ್ನೂ ಸುಣ್ಣದ ಗಾರೆ ಬಳಿಯುವುದನ್ನೂ ಕಲಿತ. ಎತ್ತರದ ಆಳು. ಮಾತು ಕಡಿಮೆ. ಗೋಡೆಯಲ್ಲಿ ಗಾಳಿಕಿಂಡಿ ಬಿಡುವ ಮುಂಚೆ ಕೈಯನ್ನು ನೀರಿನಲ್ಲಿ ಅದ್ದಿ ಮೇಲೆ ಎತ್ತಿ ಹಿಡಿಯುತ್ತಿದ್ದ. ಕೈಯ ಯಾವ ಮಗ್ಗುಲು ಮೊದಲು ತಣ್ಣಗಾಗುತ್ತದೋ ಆ ಕಡೆಯಿಂದ ಗಾಳಿ ಅಂತ ಲೆಕ್ಕ. ಹತಾರದ ಚೀಲವನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮಲಗುವಾಗ ತಲೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದ. ಆ ಚೀಲದಲ್ಲಿ ಏನಿದೆಯೋ ಅಂತ ನಮಗೆಲ್ಲ ಅನಿಸುತ್ತಿತ್ತು.

ನಾನು ಅವನ ಜೊತೆ ಕೂಲಿಯಾಳಾಗಿ ಆರು ವರ್ಷ ದುಡಿದಿದ್ದೆ. ನನ್ನ ಹೆಂಡತಿ ಹನುಮವ್ವ ಮತ್ತು ಲಾಡಬಿ ಗಾರೆ ಬುಟ್ಟಿ ಹೊರುತ್ತಿದ್ದರು. ನಾನು ಅವನನ್ನು ಮಲಿಕಣ್ಣ ಅನ್ನುತ್ತಿದ್ದೆ.

1989ರ ಏಪ್ರಿಲ್‌ನಲ್ಲಿ ನಮ್ಮ ಗುತ್ತೇದಾರ ಅಮೀನಪ್ಪ ಒಂದು ಗುಡಿ ಕೆಲಸ ಹಿಡಿದ. ಮಡ್ಕಯಿ ದಾಟಿ ಒಳಗೆ ಹೋದರೆ ಒಂದು ಸಣ್ಣ ಊರು. ಅಲ್ಲಿ ಏಳು ತಾಯಂದಿರ ಗುಡಿ. ಬಹಳ ಹಳೆಯದು. ಯಾವ ರಾಜ ಕಟ್ಟಿಸಿದ ಅಂತ ಊರಿನವರೇ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಒಳಗೆ ಒಂದೇ ಕಟ್ಟೆಯ ಮೇಲೆ ಏಳು ಕರಿಕಲ್ಲುಗಳು ಸಾಲಾಗಿ ಇದ್ದವು. ಒಂದೊಂದು ಕಲ್ಲಿನಲ್ಲೂ ಕುಳಿತ ತಾಯಿ, ತೊಡೆಯ ಮೇಲೆ ಒಂದು ಕೂಸು. ಐದನೆಯ ತಾಯಿಯದು ಮಾತ್ರ ಹಂದಿಯ ಮುಖ. ಮೂತಿ ಗೇಣುದ್ದ ಮುಂದೆ ಬಂದಿತ್ತು. ಏಳೂ ತಾಯಂದಿರಿಗೆ ಬೆಳ್ಳಿಯ ಕಣ್ಣು. ಅವನ್ನು ಜೇನುಮೇಣದಿಂದ ಕಲ್ಲಿಗೆ ಅಂಟಿಸಿದ್ದರು.

ಆ ಗುಡಿಯ ಪೂಜೆಯವರು ಶಾಬಾ ಗುರವ. ಎಪ್ಪತ್ತು ದಾಟಿದ ಮುದುಕ. ಕೆಲಸ ಶುರುವಾಗುವ ಮುಂಚೆ ಅವರು ಮಂತ್ರ ಹೇಳಿ ಏಳು ತಾಯಂದಿರನ್ನೂ ಏಳು ನೀರಿನ ಕಲಶಗಳಿಗೆ ಇಳಿಸಿ ಪಕ್ಕದ ಕೋಣೆಯಲ್ಲಿಟ್ಟರು. ಆಮೇಲೆ ಒಳಗಿರುವುದು ಬರೀ ಕಲ್ಲು, ಯಾವ ಜಾತಿಯ ಗೌಂಡಿಯಾದರೂ ಹೋಗಬಹುದು ಎಂದರು. ಕಿರೀಟ, ಸರ, ಛತ್ರಿ ಎಲ್ಲ ಊರ ಹಿರಿಯರಾದ ಗಾಂವಕಾರರ ಮನೆಗೆ ಹೋದವು. ಕಣ್ಣುಗಳು ಮಾತ್ರ ಕಲ್ಲಿನಲ್ಲೇ ಉಳಿದವು. ತಾಯಿಯ ಕಣ್ಣು ತೆಗೆಯಬಾರದು ಅಂತ ಅಲ್ಲಿಯ ಪದ್ಧತಿ.

ಒಳಗಿನ ಗೋಡೆ ತೇವ ಹಿಡಿದು ಉದುರುತ್ತಿತ್ತು. ದೀಪದ ಹೊಗೆ ಹೊರಗೆ ಹೋಗದೆ ಗುರವರಿಗೆ ಕೆಮ್ಮು. ಮಲಿಕಣ್ಣ ಒಬ್ಬನೇ ಒಳಗೆ ಐದು ವಾರ ಕೆಲಸ ಮಾಡಿದ. ಹಳೆಯ ಗಾರೆ ಕೆತ್ತಿ ಹೊಸದು ಬಳಿದ. ಬಲಗಡೆಯ ಗೋಡೆಯಲ್ಲಿ ಒಂದು ಗಾಳಿಕಿಂಡಿ ಬಿಟ್ಟ. ನಾವು ಬಾಗಿಲ ತನಕ ಬುಟ್ಟಿ ಕೊಟ್ಟು ಹಿಂದಕ್ಕೆ ಬರುತ್ತಿದ್ದೆವು.

ಒಂದು ಮಧ್ಯಾಹ್ನ ನಾನು ಬಾಗಿಲಲ್ಲಿ ಇಣುಕಿದೆ. ಅವನು ಕೈಯಲ್ಲಿ ಚಿಮಣಿ ದೀಪ ಹಿಡಿದು ಹಂದಿಮುಖದ ತಾಯಿಯ ಮುಂದೆ ನಿಂತಿದ್ದ. ಮುಖದ ಹತ್ತಿರ ಮುಖ ಒಯ್ದಿದ್ದ. ಬಹಳ ಹೊತ್ತು ಹಾಗೇ ನಿಂತ. ಆ ಸಂಜೆ ಗುರವರ ಹತ್ತಿರ ಹೋಗಿ ಕಣ್ಣು ಪೂರಾ ಬೆಳ್ಳಿಯೋ ಹೇಗೆ ಅಂತ ಕೇಳಿದ. ಮರುದಿನ ಗೋಣಿ ತಾಟುಗಳನ್ನು ಉದ್ದಕ್ಕೆ ಹೊಲಿದು, ಒದ್ದೆ ಮಾಡಿ, ಏಳೂ ಕಲ್ಲುಗಳ ಮೇಲೆ ಹೊದಿಸಿಬಿಟ್ಟ. ಸುಣ್ಣ ಬಿದ್ದರೆ ಬೆಳ್ಳಿ ಕಪ್ಪಾಗುತ್ತದೆ ಎಂದ. ನನಗೆ ಯಾಕೋ ಸರಿ ಕಾಣಲಿಲ್ಲ. ಮುಚ್ಚಿದ ಮೇಲೆ ಒಳಗೆ ಏನು ನಡೆದರೂ ಯಾರಿಗೆ ಗೊತ್ತಾಗುತ್ತದೆ?

ಒಳಗಿನ ಕೆಲಸ ಮುಗಿದ ದಿನವೇ ಗುಡಿಯ ಮುಂದಿನ ಜಗುಲಿಗೆ ಸ್ಲ್ಯಾಬ್ ಹಾಕಿದೆವು. ಹೊಸ ಸ್ಲ್ಯಾಬಿನ ಮೇಲೆ ಒದ್ದೆ ತಾಟು ಹಾಸಿ ಹದಿನೈದು ದಿನ ನೀರು ಹೊಡೆಯಬೇಕು, ಇಲ್ಲದಿದ್ದರೆ ಸೀಳು ಬಿಡುತ್ತದೆ. ಮರುದಿನ ಮಲಿಕಣ್ಣ ನನಗೆ ಹೇಳಿದ.

“ಕಂಠೆಪ್ಪಾ, ಒಳಗಿನ ತಾಟು ತಂದು ಮ್ಯಾಲೆ ಹಾಸು. ನಾ ಫೋಂಡಾಕ್ಕ ಹೋಗಿ ಬರ್ತೇನಿ.”

ಅವತ್ತು ಶುಕ್ರವಾರ. ಅವನು ನಮಾಜಿಗೆ ಹೋದ. ನಾನು ಒಳಗೆ ಹೋಗಿ ತಾಟು ತೆಗೆದೆ. ಸುಣ್ಣ ಬಿದ್ದು ಒಣಗಿ ಕೆಲವು ಕಡೆ ಬಿಗಿಯಾಗಿತ್ತು. ಜಗ್ಗಿ ತೆಗೆದು, ಸುತ್ತಿ, ನಿಚ್ಚಣಿಕೆ ಹತ್ತಿ ಸ್ಲ್ಯಾಬಿನ ಮೇಲೆ ಹಾಸಿ ನೀರು ಹೊಡೆದೆ. ಒಳಗೆ ಕತ್ತಲು. ಕಲ್ಲಿನ ಮುಖಗಳೆಲ್ಲ ಸುಣ್ಣದ ಧೂಳಿನಿಂದ ಬೆಳ್ಳಗಿದ್ದವು. ನಾನು ಅವುಗಳ ಕಡೆ ನೋಡಲೂ ಇಲ್ಲ.

ಶನಿವಾರ ಗುರವರು ಕಲ್ಲು ತೊಳೆಯಲು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಓಡಿ ಬಂದರು.

“ದೊಳೆ ಖಂಯ್ ಗೆಲೆ? ದೊಳೆ ಖಂಯ್ ಗೆಲೆ?”

ಕಣ್ಣು ಎಲ್ಲಿ ಹೋದವು ಅಂತ ಅವರ ಕೂಗು. ಹಂದಿಮುಖದ ತಾಯಿಯ ಎರಡೂ ಕಣ್ಣು ಇರಲಿಲ್ಲ. ಉಳಿದ ಆರು ತಾಯಂದಿರ ಕಣ್ಣು ಇದ್ದ ಹಾಗೇ ಇದ್ದವು.

ಕಟ್ಟೆ, ನೆಲ, ಮೂಲೆ ಎಲ್ಲ ಹುಡುಕಿದರು. ಸಿಗಲಿಲ್ಲ. ಅಮೀನಪ್ಪ ನನ್ನನ್ನು ಬಾವಿಯ ಹತ್ತಿರ ಕರೆದ.

“ಕಂಠೆಪ್ಪಾ, ಖರೇ ಹೇಳು. ಒಳಗ ಯಾರ್ಯಾರು ಹೋಗಿದ್ರು?”

“ಕೆಲಸ ಮಾಡಿದಾಂವ ಮಲಿಕಣ್ಣ ಒಬ್ಬನರಿ.”

“ಒಬ್ಬನ?”

“ಹೌದ್ರಿ. ಒಂದಿನ ದೀಪ ಹಿಡಿದು ಆ ಹಂದಿ ಮಾರಿ ತಾಯಿ ಮುಂದ ನಿಂತಿದ್ದ. ಭಾಳ ಹೊತ್ತು ನಿಂತಿದ್ದ. ಬೆಳ್ಳಿ ಐತೇನು ಅಂತನೂ ಕೇಳ್ಯಾನ.”

ನಾನು ತಾಟು ತರಲು ಒಳಗೆ ಹೋದದ್ದನ್ನು ಹೇಳಲಿಲ್ಲ. ಅದು ಹೇಳುವಂಥ ಮಾತೇ ಅಲ್ಲ ಅಂತ ನನ್ನ ಮನಸ್ಸಿಗೆ ನಾನೇ ಹೇಳಿಕೊಂಡೆ. ಅಮೀನಪ್ಪ ಅಲ್ಲಿಂದ ನೇರ ಗಾಂವಕಾರರ ಮನೆಗೆ ನಡೆದ.

ನಾವು ಇಳಿದುಕೊಂಡಿದ್ದ ಶೆಡ್ಡಿನಲ್ಲಿ ರೊಟ್ಟಿ ತಟ್ಟುತ್ತಾ ಹನುಮವ್ವ ಇನ್ನೊಂದು ಮಾತು ಸೇರಿಸಿದಳು.

“ಏಳು ಮಂದಿ ಒಳಗ ಆ ಒಬ್ಬಾಕಿ ಕಣ್ಣ ಯಾಕ? ಹಂದಿ ಮಾರಿ ಐತಲ್ಲ, ಅವರಿಗೆ ಹಂದಿ ಅಂದ್ರ ಆಗಂಗಿಲ್ಲ. ಸಿಟ್ಟಿಗೆ ಕಿತ್ತಾನ ನೋಡು.”

ಅದನ್ನು ನಾನು ಮತ್ತಿಬ್ಬರಿಗೆ ಹೇಳಿದೆ. ಸಂಜೆಯೊಳಗೆ ಊರಿಗೆಲ್ಲ ಹೋಯಿತು. ಲಾಡಬಿಯ ಕಿವಿಗೂ ಬಿತ್ತು. ಅವಳು ಬಾವಿಯ ಕಟ್ಟೆಯ ಮೇಲೆ ಕೊಡ ಕುಕ್ಕಿದಳು.

“ಹಂದಿ ಮಾರಿ ಇದ್ರ ಏನಾತು? ಆಕಿ ತೊಡಿ ಮ್ಯಾಲೂ ಕೂಸೈತಿ. ಕೂಸ ಹೊತ್ತಾಕಿ ಕಣ್ಣ ಯಾರರೆ ಕೀಳ್ತಾರ? ಹನುಮವ್ವಾ, ನಿನ್ನ ರೊಟ್ಟಿ ಕರಕಲಾದ್ರೂ ನನ್ನ ಗಂಡನ ಮಾಡ್ಯಾನ ಅಂತಿ ಏನ?”

ಮಲಿಕಣ್ಣ ಹತಾರದ ಚೀಲವನ್ನು ತಂದು ಗಾಂವಕಾರರ ಮುಂದೆ ಸುರಿದ. ಕರಣಿ, ಸುತ್ತಿಗೆ, ಗುಂಡು, ದಾರ, ಜಪ ಎಣಿಸುವ ಒಂದು ತಸ್ಬಿ, ಸುಣ್ಣದ ಬುರುಷು. ಅಷ್ಟೇ. ಅದನ್ನು ನೋಡಿಯೂ ಯಾರಿಗೂ ಸಮಾಧಾನವಾಗಲಿಲ್ಲ. ಕದ್ದವನು ಚೀಲದಲ್ಲೇ ಇಟ್ಟುಕೊಂಡಿರುತ್ತಾನೆಯೇ, ಫೋಂಡಾದಲ್ಲಿ ಮಾರಿ ಬಂದಿರುತ್ತಾನೆ ಎಂದರು. ಶುಕ್ರವಾರ ಅವನು ಹೋಗಿದ್ದನಲ್ಲ.

ಗಾಂವಕಾರರು ಪೊಲೀಸರಿಗೆ ಕೊಡೋಣ ಎಂದರು. ಗುರವರು ತಡೆದರು. ಮೊದಲು ತಾಯಿಯನ್ನು ಕೇಳೋಣ, ಅವಳು ಕದ್ದಿದ್ದಾನೆ ಎಂದರೆ ಆಮೇಲೆ ಪೊಲೀಸು ಎಂದರು.

ಅಲ್ಲಿ ಕೇಳುವ ಪದ್ಧತಿ ಹೀಗೆ. ಗುಡ್ಡದ ಕೆಂಪು ಹೂವಿನ ಎಸಳುಗಳನ್ನು ನೀರಿನಲ್ಲಿ ಅದ್ದಿ ತಾಯಿಯ ಕಲ್ಲಿನ ಬಲಕ್ಕೂ ಎಡಕ್ಕೂ ಅಂಟಿಸುತ್ತಾರೆ. ಗುರವರು ಪ್ರಶ್ನೆ ಹೇಳುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಒಂದು ಉತ್ತರ, ಎಡಗಡೆಯದು ಬಿದ್ದರೆ ಇನ್ನೊಂದು. ಮನೆ ಕಟ್ಟುವುದಿರಲಿ, ಮದುವೆಯಿರಲಿ, ಆ ಊರಲ್ಲಿ ಕೇಳದೆ ಮಾಡುವುದಿಲ್ಲ.

ಸೋಮವಾರ ಬೆಳಿಗ್ಗೆ ಗುರವರು ಆರು ತಾಯಂದಿರನ್ನು ಕಲಶದಿಂದ ಕಲ್ಲಿಗೆ ಮರಳಿ ತಂದರು. ಐದನೆಯವಳಿಗೆ ಕಣ್ಣಿಲ್ಲ. ಅವಳು ಕಲಶದಲ್ಲೇ ಉಳಿದಳು. ಊರೆಲ್ಲ ಗುಡಿಯಲ್ಲಿ ಸೇರಿತು. ನಾವು ಹೊಸ್ತಿಲ ಹೊರಗೆ ನಿಂತೆವು. ಮಲಿಕಣ್ಣ ಎಲ್ಲರಿಗಿಂತ ಮುಂದೆ. ಹೆಸರು ಕೆಟ್ಟರೆ ಗೋವಾದಲ್ಲಿ ಅವನ ಕೈಗೆ ಯಾರೂ ಕರಣಿ ಕೊಡುವುದಿಲ್ಲ. ಅದು ಅವನಿಗೂ ಗೊತ್ತು, ನಮಗೂ ಗೊತ್ತು.

ಗುರವರು ನಡುವಿನ ತಾಯಿಗೆ ಎಸಳು ಅಂಟಿಸಿದರು. ಈ ಗೌಂಡಿ ಕಣ್ಣು ತೆಗೆದಿಲ್ಲವಾದರೆ ಬಲಕ್ಕೆ ಕೊಡು, ತೆಗೆದಿದ್ದರೆ ಎಡಕ್ಕೆ ಕೊಡು ಎಂದರು. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಬಲಗಡೆಯ ಎಸಳು ಬಿತ್ತು.

ಲಾಡಬಿ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಾ ಕುಳಿತಳು. ಗುರವರು ಎಸಳು ಎತ್ತಿ ಕಣ್ಣಿಗೆ ಒತ್ತಿಕೊಂಡರು. ಜನ ಗುಜುಗುಜು ಅಂತ ಎದ್ದರು. ಅಲ್ಲಿಗೆ ಮುಗಿಯಿತು ಅಂತ ನಾನೂ ಅಂದುಕೊಂಡೆ.

ಆಗ ಮಲಿಕಣ್ಣ ಕೈ ಎತ್ತಿದ.

“ಗುರವ ಅಜ್ಜಾರ, ಇದನ್ನ ಹಿಡೀಬ್ಯಾಡ್ರಿ. ಬಲಗಡೆ ಗ್ವಾಡ್ಯಾಗ ಆ ಕಿಂಡಿ ಬಿಟ್ಟಾಂವ ನಾನ. ಮುಂಜಾನೆ ಗಾಳಿ ಅಲ್ಲಿಂದ ಬರ್ತೈತಿ. ಬಲಗಡೆ ಎಸಳು ಮೊದಲ ಆರ್ತೈತಿ, ಆರಿದ್ದು ಬೀಳ್ತೈತಿ. ಕಿಂಡಿ ಮುಚ್ಚಿ ಮತ್ತ ಕೇಳ್ರಿ.”

ಗುರವರಿಗೆ ನಮ್ಮ ಮಾತು ಅರ್ಧ ತಿಳಿಯುತ್ತಿತ್ತು. ಅಮೀನಪ್ಪ ಉಳಿದರ್ಧವನ್ನು ಕೊಂಕಣಿಯಲ್ಲಿ ಹೇಳಬೇಕಾಯಿತು. ಹೇಳುವಾಗ ಅವನ ಬಾಯಿ ತೊದಲಿತು. ಲಾಡಬಿ ಎದ್ದು ನಿಂತಳು.

“ಏನ್ರಿ, ತಲಿ ಸುಮಾರ ಐತೇನ ನಿಮ್ಮದು? ದೇವಿ ಬಿಡಿಸ್ಯಾಳ, ನೀವ ಮತ್ತ ಕಟ್ಕೋತೀರಿ?”

“ಇವತ್ತ ಬಿಡ್ತಾರ. ನಾಳೆ ಯಾರರ ಆ ಕಿಂಡಿ ನೋಡ್ತಾರ. ಗೌಂಡಿ ಬೇಕಂತನ ಮಾಡ್ಯಾನ ಅಂತಾರ.”

“ಅಂದ್ರ ಅನ್ಲಿ! ಆವಾಗ ನಾವು ಇಲ್ಲೆ ಇರ್ತೇವೇನು?”

“ಲಾಡಬಿ, ಗಾಳಿ ಕೊಟ್ಟಿದ್ದ ನಾ ಹೆಂಗ ತಗೊಳ್ಲಿ?”

ಗುರವರು ಮೊದಲು ಸಿಟ್ಟಾದರು. ತಾಯಿ ಗಾಳಿಯ ಮಾತು ಕೇಳುತ್ತಾಳೆಯೇ ಎಂದರು. ಆಮೇಲೆ ಆ ಕಿಂಡಿಯ ಹತ್ತಿರ ಹೋಗಿ ಕೈ ಒಡ್ಡಿ ನಿಂತರು. ಸುಮಾರು ಹೊತ್ತು ನಿಂತರು. ಹೆಗಲ ಮೇಲಿನ ಪಂಚೆ ತೆಗೆದು ಸುರುಳಿ ಸುತ್ತಿ ಕಿಂಡಿಗೆ ತುರುಕಿದರು. ಹೊಸ ಎಸಳು ತಂದು ಮತ್ತೆ ಅಂಟಿಸಿದರು.

ಮಧ್ಯಾಹ್ನದ ತನಕ ಕಾದೆವು. ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ತಾಯಿ ಉತ್ತರ ಕೊಡುತ್ತಿಲ್ಲ, ಹದಿನೈದು ದಿನ ಬಿಟ್ಟು ಮತ್ತೆ ಕೇಳುವುದು ಎಂದರು ಗುರವರು. ಅಲ್ಲಿಯ ತನಕ ಗೌಂಡಿ ಊರು ಬಿಡಬಾರದು ಎಂದರು ಗಾಂವಕಾರರು.

ಸಂಶಯ ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಬಿಟ್ಟ ಮೇಲೂ ಬೇಡ ಎನ್ನುವವನ ಮನಸ್ಸಿನಲ್ಲಿ ಏನಿದೆ ಅಂತ ಜನ ಕೇಳಿದರು. ನನಗೂ ಹಾಗೇ ಅನಿಸಿತು. ಬಹಳ ಜಾಣ, ಒಳ್ಳೆಯವನು ಅನಿಸಿಕೊಳ್ಳಲು ಆಡಿದ ಆಟ ಇದು ಎಂದುಕೊಂಡೆ.

ಅಮೀನಪ್ಪ ಉಳಿದ ಆಳುಗಳನ್ನು ಬೇರೆ ಕೆಲಸಕ್ಕೆ ಕರೆದುಕೊಂಡು ಹೊರಟ. ಹನುಮವ್ವನೂ ಹೋದಳು. ನನ್ನನ್ನು ಉಳಿಸಿದ.

“ದಿನಾ ಎರಡ ಸಲ ತಾಟಿಗೆ ನೀರ ಹೊಡಿ. ಅವನ ಮ್ಯಾಲೂ ಒಂದ ಕಣ್ಣಿಡು. ಎಲ್ಲಿ ಹೋಗ್ತಾನ, ಏನ ಮುಚ್ಚಿಡ್ತಾನ, ಎಲ್ಲಾ ನನಗ ತಿಳೀಬೇಕು.”

ಹಾಗೆ ಆ ಊರಲ್ಲಿ ನಾವು ಮೂವರು ಉಳಿದೆವು. ನಾನು ಬೆಳಿಗ್ಗೆಯೂ ಸಂಜೆಯೂ ಸ್ಲ್ಯಾಬ್ ಹತ್ತಿ ನೀರು ಹೊಡೆಯುತ್ತಿದ್ದೆ. ಮೇಲಿನಿಂದ ಅವನು ಕಾಣುತ್ತಿದ್ದ. ಗುಡಿಯ ಹಿಂದೆ ಕೆತ್ತಿ ಹಾಕಿದ ಹಳೆಯ ಗಾರೆಯ ಗುಡ್ಡೆಯಿತ್ತು. ಅವನು ದಿನವಿಡೀ ಅದರ ಮುಂದೆ ಕುಳಿತು ಬುಟ್ಟಿ ಬುಟ್ಟಿಯಾಗಿ ಜರಡಿ ಹಿಡಿಯುತ್ತಿದ್ದ. ಏನನ್ನೋ ಅಲ್ಲಿ ಹುಗಿದಿದ್ದ, ಈಗ ತೆಗೆಯುತ್ತಿದ್ದಾನೆ ಅನಿಸಿತು. ನಾನು ಹತ್ತಿರ ಹೋದರೆ ಜರಡಿ ನಿಲ್ಲಿಸುತ್ತಿದ್ದ. ಗಂಡ ಹೆಂಡತಿ ಉರ್ದುವಿನಲ್ಲಿ ಪಿಸುಗುಡುತ್ತಿದ್ದರು. ನನ್ನನ್ನು ಕಂಡರೆ ಸುಮ್ಮನಾಗುತ್ತಿದ್ದರು.

ಲಾಡಬಿ ಒಂದು ದಿನ ಕೆಳಗಿನಿಂದ ಕೂಗಿದಳು.

“ಏನ ಕಂಠೆಪ್ಪಣ್ಣ, ನೀರ ಅಲ್ಲೆ ಹೊಡಿತಿ, ನೋಡೂದು ಇಲ್ಲೆ ನೋಡ್ತಿ. ಸ್ಲ್ಯಾಬ್ ಒಣಗೀತು, ಹುಷಾರು!”

“ನನ್ನ ಕೆಲಸ ನಾ ಮಾಡಾಕತ್ತೇನಿ ಭಾಬಿ.”

“ಗೊತ್ತೈತಿ, ಗೊತ್ತೈತಿ. ಚಲೋ ಕೆಲಸ ಹಚ್ಚ್ಯಾನ ನಿಮ್ಮ ಅಮೀನಪ್ಪ.”

ಆರನೆಯ ದಿನವೋ ಏಳನೆಯ ದಿನವೋ, ಮಲಿಕಣ್ಣ ನಿಚ್ಚಣಿಕೆಯ ಹತ್ತಿರ ಬಂದ. ಎರಡು ಮೆಟ್ಟಿಲು ಹತ್ತಿ ನಿಂತ.

“ಕಂಠೆಪ್ಪಾ, ಅವತ್ತ ತಾಟು ತರಾಕ ಒಳಗ ಹೋಗಿದ್ದೆಲ್ಲ, ಏನರ ಕಂಡ್ಯಾ?”

ನಾನು ಕೊಡದಲ್ಲಿದ್ದ ನೀರನ್ನೆಲ್ಲ ಒಂದೇ ಕಡೆ ಸುರಿದೆ.

“ಏನ್ ಕಾಣ್ತೈತಿ, ಕತ್ತಲಿ ಇತ್ತು. ಯಾಕ?”

“ಸುಮ್ನ ಕೇಳಿದೆ.”

ಇಳಿದು ಹೋದ. ನಾನು ಒಳಗೆ ಹೋದದ್ದು ಅವನಿಗೆ ಗೊತ್ತು. ಇವತ್ತಲ್ಲ ನಾಳೆ ಗಾಂವಕಾರರಿಗೆ ನನ್ನ ಹೆಸರು ಹೇಳುತ್ತಾನೆ ಅಂತ ಹೆದರಿಕೆ. ಅವನು ಹೇಳುವ ಮುಂಚೆ ಅವನ ಮೇಲೆ ಏನಾದರೂ ಗಟ್ಟಿ ಸಾಕ್ಷಿ ಸಿಗಲಿ ಅಂತ ಇನ್ನೂ ಬಿಗಿಯಾಗಿ ಕಾದೆ. ಅವನು ಬಹಿರ್ದೆಸೆಗೆ ಹೋದರೂ ಹಿಂದೆ ಹೋಗಿ ನೋಡಿದೆ. ಏನೂ ಸಿಗಲಿಲ್ಲ. ಅವನೂ ಯಾರ ಹತ್ತಿರವೂ ಹೋಗಿ ನನ್ನ ಹೆಸರು ಹೇಳಲಿಲ್ಲ.

ನೀರು ಹೊಡೆಯಲು ಶುರುಮಾಡಿದ ಹದಿನೈದನೆಯ ದಿನದ ಬೆಳಿಗ್ಗೆ ತಾಟು ತೆಗೆಯಲು ಸ್ಲ್ಯಾಬ್ ಹತ್ತಿದೆ. ನಾಲ್ಕನೆಯ ತಾಟನ್ನು ಮಗುಚಿದಾಗ ಬೆರಳಿಗೆ ಏನೋ ಚುಚ್ಚಿತು. ನೋಡಿದೆ. ನಾರಿನೊಳಗೆ ಒಂದು ಬೆಳ್ಳಿ ಕಣ್ಣು. ಹಿಂದೆ ಮೇಣ ಹಾಗೇ ಇತ್ತು. ಇನ್ನೊಂದು ಅದರ ಕೆಳಗೆ ಸ್ಲ್ಯಾಬಿನ ಮೇಲೆ ಬಿದ್ದಿತ್ತು.

ನಾನು ಅಲ್ಲೇ ಕುಳಿತುಬಿಟ್ಟೆ. ಹದಿನೈದು ದಿನ ಅದರ ಮೇಲೆ ನಾನೇ ನೀರು ಹೊಡೆದಿದ್ದೆ. ಹಂದಿಮುಖದ ತಾಯಿಯ ಮೂತಿ ಮುಂದೆ ಚಾಚಿದೆ. ಒದ್ದೆ ತಾಟು ಆ ಮೂತಿಗೆ ಸಿಕ್ಕಿ, ಸುಣ್ಣ ಕುಡಿದು, ಅವಳ ಮುಖಕ್ಕೇ ಒಣಗಿ ಅಂಟಿದೆ. ಅವತ್ತು ನಾನು ಜಗ್ಗಿದಾಗ ಕಣ್ಣು ತಾಟಿನ ಜೊತೆ ಬಂದಿದೆ. ಕಿತ್ತವನು ನಾನು.

ಹೇಳಿದರೆ ಯಾರು ನಂಬುತ್ತಾರೆ? ಕದ್ದು ತಾಟಿನಲ್ಲಿ ಮುಚ್ಚಿಟ್ಟಿದ್ದ, ಈಗ ಹೆದರಿ ಕೊಟ್ಟ ಎನ್ನುತ್ತಾರೆ. ಎರಡನ್ನೂ ಮುಷ್ಟಿಯಲ್ಲಿ ಹಿಡಿದೆ. ಕೆಳಗೆ ಮಲಿಕಣ್ಣ ನನಗೆ ಬೆನ್ನು ಮಾಡಿ ಜರಡಿ ಹಿಡಿಯುತ್ತಿದ್ದ. ಗುಡ್ಡೆಯ ಮೇಲೆ ಎಸೆದುಬಿಟ್ಟರೆ ಅವನೇ ಹುಡುಕಿ ತೆಗೆಯುತ್ತಾನೆ, ಎಲ್ಲ ಮುಗಿಯುತ್ತದೆ ಅನಿಸಿತು. ನಿಚ್ಚಣಿಕೆ ಅರ್ಧ ಇಳಿದೆ. ಆಗ ಹೊಳೆಯಿತು. ಅವನ ಜರಡಿಯಲ್ಲಿ ಸಿಕ್ಕರೆ ಇಟ್ಟವನೂ ಅವನೇ ಅನ್ನುತ್ತಾರೆ. ಅವನಿಗೆ ಆಮೇಲೆ ಉಳಿಗಾಲವಿಲ್ಲ. ತನ್ನ ಕಡೆಗೆ ಬಿದ್ದ ಎಸಳನ್ನೇ ಬೇಡ ಅಂದವನನ್ನು ನಾನು ಅಲ್ಲಿಗೆ ದೂಡುತ್ತಿದ್ದೆ.

ಮತ್ತೆ ಮೇಲೆ ಹತ್ತಿದೆ. ಕಣ್ಣುಗಳನ್ನು ಇದ್ದ ಜಾಗದಲ್ಲೇ ಇಟ್ಟೆ.

“ಮಲಿಕಣ್ಣ, ಮ್ಯಾಲೆ ಬಾ.”

ಅವನು ಬಂದು ನೋಡಿದ. ಬಗ್ಗಲೂ ಇಲ್ಲ, ಕೈ ಚಾಚಲೂ ಇಲ್ಲ.

“ಮುಟ್ಟೀ ಏನ?”

“ಮುಟ್ಟೇನಿ. ಮತ್ತ ಅಲ್ಲೇ ಇಟ್ಟೇನಿ.”

“ಇನ್ನ ಮುಟ್ಟಬ್ಯಾಡ. ಗುರವ ಅಜ್ಜಾರನ್ನ ಕರಕೊಂಡ ಬಾ. ಅವರ ಬಂದು ನೋಡ್ಲಿ.”

ಎಪ್ಪತ್ತು ದಾಟಿದ ಗುರವರನ್ನು ನಾನೂ ಲಾಡಬಿಯೂ ಹಿಡಿದು ನಿಚ್ಚಣಿಕೆ ಹತ್ತಿಸಿದೆವು. ಅವರು ತಾಟನ್ನು ಬೆಳಕಿಗೆ ಹಿಡಿದರು. ಸುಣ್ಣ ಗಟ್ಟಿಯಾದ ಜಾಗದಲ್ಲಿ ತಾಟು ಮೂತಿಯ ಆಕಾರಕ್ಕೆ ಉಬ್ಬಿ ನಿಂತಿತ್ತು. ಅದರ ಎರಡು ಪಕ್ಕಕ್ಕೆ ಎರಡು ಮೇಣದ ಕಲೆ. ಅವರು ಮಲಿಕಣ್ಣನ ಕಡೆ ನೋಡಿದರು. ಆಮೇಲೆ ಗಾಂವಕಾರರಿಗೆ ಹೇಳಿ ಕಳಿಸಿದರು.

ಗಾಂವಕಾರರು ಬಂದು ಈ ತಾಟು ತೆಗೆದವನು ಯಾರು ಎಂದರು. ನಾನು ಎಂದೆ. ಅವತ್ತೇ ಯಾಕೆ ಹೇಳಲಿಲ್ಲ ಎಂದರು. ಅವರು ನನ್ನನ್ನೂ ಅವನನ್ನೂ ಒಂದೇ ಥರ ದಿಟ್ಟಿಸಿದರು. ಇಬ್ಬರೂ ಸೇರಿ ಮಾಡಿದ ನಾಟಕವೋ ಏನೋ ಅನ್ನುವ ಹಾಗಿತ್ತು ಆ ನೋಟ. ಕೊನೆಗೆ, ಕಣ್ಣು ಸಿಕ್ಕಿತಲ್ಲ, ಇನ್ನು ಹೊರಡಿ ಎಂದರು.

ಮಲಿಕಣ್ಣ ಹೊರಡಲಿಲ್ಲ.

“ಸಾಹೇಬ್ರ, ಕಳ್ಳ ಅಂತ ಎಲ್ಲಾರ ಮುಂದ ನಿಲ್ಲಿಸಿದ್ರಿ. ಅಲ್ಲ ಅಂತನೂ ಎಲ್ಲಾರ ಮುಂದ ಹೇಳ್ರಿ. ಹೇಳಿದ ಮ್ಯಾಲೆ ಹೋಗ್ತೇನಿ.”

ಗಾಂವಕಾರರು ತಿರುಗಿ ನಡೆದುಬಿಟ್ಟರು. ಅವನು ಗುಡಿಯ ಮೆಟ್ಟಿಲ ಮೇಲೆ ಹತಾರದ ಚೀಲ ತೊಡೆಯ ಮೇಲಿಟ್ಟುಕೊಂಡು ಕುಳಿತ. ಎರಡು ದಿನ ಕುಳಿತ. ಜನ ಅವನ ಪಕ್ಕದಿಂದ ಹಾದು ಹತ್ತಿದರು, ಇಳಿದರು. ಲಾಡಬಿ ಅಲ್ಲಿಗೇ ಊಟ ತಂದಳು. ಒಮ್ಮೆ ಮಾತ್ರ ಗೊಣಗಿದಳು.

“ಇನ್ನೆರಡು ದಿನ ಕುಂತ್ರ ನಿಮಗೂ ಬೆಳ್ಳಿ ಕಣ್ಣ ಅಂಟಸ್ತಾರ ನೋಡ್ರಿ.”

ಅವನು ನಕ್ಕದ್ದನ್ನು ಆ ತಿಂಗಳಲ್ಲಿ ನಾನು ನೋಡಿದ್ದು ಅದೊಂದೇ ಸಲ.

ಮೂರನೆಯ ದಿನ ಐದನೆಯ ತಾಯಿಗೆ ಕಣ್ಣು ಅಂಟಿಸಿ ಕಲಶದಿಂದ ಕಲ್ಲಿಗೆ ತರುವ ಪೂಜೆ. ಊರೆಲ್ಲ ಬಂದಿತ್ತು. ದೀಪ ಹಚ್ಚುವ ಮುಂಚೆ ಶಾಬಾ ಗುರವರು ಹೊರಗೆ ಬಂದರು. ಮಲಿಕಣ್ಣನನ್ನು ಎಬ್ಬಿಸಿ, ಹೆಗಲ ಮೇಲೆ ಕೈ ಇಟ್ಟು, ಎಲ್ಲರ ಕಡೆ ತಿರುಗಿಸಿ ನಿಲ್ಲಿಸಿದರು.

“ಹಾಣೆಂ ಚೊರೂಂಕ್ ನಾ.”

ಇವನು ಕದ್ದಿಲ್ಲ ಎಂದರು. ಮೂರು ಸಲ ಹೇಳಿದರು. ಗಾಂವಕಾರರು ತೆಂಗಿನ ಮರದ ಕಡೆ ನೋಡುತ್ತಿದ್ದರು. ಹಿಂದೆ ಯಾರೋ ಒಬ್ಬ ಹೆಂಗಸು, ಗೌಂಡಿಗೆ ಹೆದರಿಕೆಯಾಯಿತು, ತಂದು ಇಟ್ಟ ಎಂದಳು. ಮಲಿಕಣ್ಣನಿಗೆ ಅದು ಕೇಳಿಸಿತು. ಗುರವರಿಗೆ ಕೈ ಮುಗಿದು ಚೀಲ ಹೆಗಲಿಗೆ ಹಾಕಿಕೊಂಡ.

ಬಸ್ಸಿನಲ್ಲಿ ನಾನು ಅವನ ಪಕ್ಕ ಕುಳಿತೆ. ಮಡ್ಕಯಿ ಹಿಂದೆ ಬಿದ್ದ ಮೇಲೆ ಕೇಳಿದೆ.

“ನಾ ಒಳಗ ಹೋಗಿದ್ದು ನಿನಗ ಗೊತ್ತಿತ್ತು. ಯಾಕ ಹೇಳ್ಲಿಲ್ಲ?”

“ನೀ ತಗೊಂಡಿದ್ದು ನಾ ಕಂಡಿದ್ದಿಲ್ಲ.”

“ನನ್ನ ಮ್ಯಾಲೆ ಸಂಶಯ ಇರಲಿಲ್ಲ?”

“ಇತ್ತು. ಭಾಳ ಇತ್ತು. ಹದಿನೈದು ದಿನ ನಿನ್ನ ಬಿಟ್ಟು ಬ್ಯಾರೆ ಯಾರ ಮ್ಯಾಲೂ ಇರಲಿಲ್ಲ.”

“ಮತ್ತ?”

“ಮತ್ತೇನು. ಕಾಣಲಾರದ್ದು ಹೆಂಗ ಹೇಳ್ಲಿ?”

ನಾನು ಕಾಣದ್ದನ್ನು ಹೇಳಿದ್ದೆ. ತಪ್ಪಾಯಿತು ಅಂತ ಬಸ್ಸಿನಲ್ಲೇ ಹೇಳಬೇಕೆಂದುಕೊಂಡೆ. ಹೇಳಲು ಇನ್ನೂ ಒಂದು ವರ್ಷ ಹಿಡಿಯಿತು. ಹೇಳಿದಾಗ ಅವನು, ಆ ಬುಟ್ಟಿ ಇತ್ತ ಕೊಡು, ಗಾರೆ ಗಟ್ಟಿಯಾಗುತ್ತದೆ ಎಂದ. ಅಷ್ಟೇ.

ಆದರೆ ಆಡಿದ ಮಾತು ನಿಲ್ಲಲಿಲ್ಲ. ಗುರವರು ಹೇಳಿದ್ದು ಆ ಊರಲ್ಲೇ ಉಳಿಯಿತು. ನಾನು ಹೇಳಿದ್ದು ಅಮೀನಪ್ಪನ ಆಳುಗಳ ಜೊತೆ ವಾಸ್ಕೋ, ಮಡಗಾಂವ, ಎಲ್ಲ ಕಡೆ ಹೋಯಿತು. 1993ರಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬರು ಅವನನ್ನು ಅರ್ಧ ಎದ್ದ ಗೋಡೆಯಿಂದ ಇಳಿಸಿ ಕಳಿಸಿದರು. ಕಾರಣ ಹೇಳಲಿಲ್ಲ. ಗುಡಿ ಕೆಲಸಕ್ಕೆ ಆಮೇಲೆ ಯಾರೂ ಕರೆದಿಲ್ಲ. ನಾನು ಹೋದ ಕಡೆಯೆಲ್ಲ ಕಣ್ಣು ಕಿತ್ತವನು ನಾನು, ಅವನಲ್ಲ ಅಂತ ಹೇಳುತ್ತೇನೆ. ಜನ ನನ್ನ ಮುಖವನ್ನೇ ಸಂಶಯದಿಂದ ನೋಡುತ್ತಾರೆ. ನಿನಗೆ ಎಷ್ಟು ಕೊಟ್ಟ ಅಂತ ಒಬ್ಬ ಕೇಳಿಯೇಬಿಟ್ಟ.

ಈಗ 1997. ದಾವಲಮಲಿಕ ಝುವಾರಿನಗರದಲ್ಲೇ ಇದ್ದಾನೆ. ಬೆಳಿಗ್ಗೆ ಏಳಕ್ಕೆ ದೊಡ್ಡ ರಸ್ತೆಯ ಚಹಾದಂಗಡಿಯ ಎದುರು ಗೌಂಡಿಗಳು ಕೆಲಸಕ್ಕೆ ಕಾದು ನಿಲ್ಲುವ ಕಡೆ ಅವನೂ ನಿಂತಿರುತ್ತಾನೆ. ಎಲ್ಲರಿಗಿಂತ ಎತ್ತರ, ತಲೆ ಪೂರಾ ಬೆಳ್ಳಗಾಗಿದೆ. ಭಾನುವಾರವಾದರೆ ಮನೆಗೇ ಹೋಗಬಹುದು. ಲಾಡಬಿಯ ಹೆಸರು ಹೇಳಿದರೆ ಆ ಓಣಿಯಲ್ಲಿ ಯಾರಾದರೂ ತೋರಿಸುತ್ತಾರೆ. ನಾನು ಬರೆದದ್ದನ್ನು ಹಾಗೇ ನಂಬಿಬಿಡಬೇಡಿ. ಬೇರೆಯವರು ಹೇಳಿದ್ದನ್ನೂ ನಂಬಬೇಡಿ. ಒಮ್ಮೆ ಹೋಗಿ ಅವನ ಎದುರು ಕುಳಿತು ಮಾತಾಡಿಸಿ ಬನ್ನಿ. ಮನೆಯಲ್ಲಿ ಗೋಡೆ ಕೆಲಸವಿದ್ದರೆ ಅವನನ್ನು ಕರೆಯಿರಿ.